ದಯವಿಟ್ಟು ನನಗೆ ಶುಲ್ಕ ಹಾಕಿ

ನಮ್ಮ ಅಡುಗೆಮನೆಯಲ್ಲಿ ಚಪಾತಿ ಮಣೆಗೆ ಅಂಟಿದ ಹಿಟ್ಟನ್ನು ಕೆರೆಯುವುದಕ್ಕೆ ಒಂದು ನೀಲಿ ಬಣ್ಣದ ತುಂಡು ಇದೆ. ಒಂದು ಮೂಲೆ ಕತ್ತರಿಸಿ ಹೋಗಿದೆ, ಅದರ ಮೇಲೆ ನನ್ನ ಹೆಸರಿನ ಮೊದಲರ್ಧ ಮಾತ್ರ ಉಳಿದಿದೆ. ಅಂಗಡಿಯಲ್ಲಿ ಮಾರುವ ಸ್ಟೀಲಿನ ಪಟ್ಟಿಗಿಂತ ಚೆನ್ನಾಗಿ ಕೆರೆಯುತ್ತದೆ, ಮಣೆಗೂ ಗೀರು ಬೀಳುವುದಿಲ್ಲ. ಅದು ನನ್ನ ಹಳೆಯ ಕ್ರೆಡಿಟ್ ಕಾರ್ಡು. ಬದುಕಿದ್ದಾಗ ಮಾಡಿದ್ದಕ್ಕಿಂತ ಹೆಚ್ಚಿನ ಉಪಕಾರವನ್ನು ಅದು ಸತ್ತ ಮೇಲೆ ಮಾಡುತ್ತಿದೆ ಎಂದು ನಮ್ಮ ಮನೆಯವರು ಆಗಾಗ ಹೇಳುತ್ತಿರುತ್ತಾರೆ.

ಇವತ್ತು ಬೆಳಗ್ಗೆ ಅದರಲ್ಲೇ ಹಿಟ್ಟು ಕೆರೆಯುತ್ತಿದ್ದೆ. ಫೋನು ಟಣ್ ಎಂದಿತು. ಹಜಾರದಲ್ಲಿ ಅಲಸಂದೆಕಾಳು ಬಿಡಿಸುತ್ತ ಕೂತಿದ್ದ ನಮ್ಮತ್ತೆ ಅಲ್ಲಿಂದಲೇ ಕೂಗಿದರು.

"ಬಂತೇನವ್ವಾ ಶೈಲಾ, ಶುಲ್ಕ?"

ತವರಿನಿಂದ ಯಾರಾದರೂ ಬಂದರಾ ಎಂದು ಕೇಳುವ ದನಿ ಅದು. ಕ್ರೆಡಿಟ್ ಕಾರ್ಡಿನ ವಾರ್ಷಿಕ ಶುಲ್ಕಕ್ಕೆ ದಾರಿ ಕಾಯುವ ಮನೆ ತುಮಕೂರಿನ ಬಟವಾಡಿಯಲ್ಲಿ ನಮ್ಮದೊಂದೇ ಇರಬೇಕು. ಹೀಗೇಕೆ ಆಯಿತು ಎಂದು ನಿಮಗೆ ಹೇಳಬೇಕು. ಹೇಳುವಾಗ ನನ್ನ ಮರ್ಯಾದೆ ಸ್ವಲ್ಪ ಹೋಗುತ್ತದೆ, ಹೋಗಲಿ.

ನಾನು ಗುಬ್ಬಿಯ ಹೈಸ್ಕೂಲಿನಲ್ಲಿ ಗಣಿತದ ಟೀಚರು. ಶೇಕಡಾ ಲೆಕ್ಕ, ಲಾಭ ನಷ್ಟ, ಸರಳ ಬಡ್ಡಿ ಎಂದು ಇಪ್ಪತ್ತು ವರ್ಷಕ್ಕೂ ಮೇಲೆ ಬೋರ್ಡಿನ ಮೇಲೆ ಬರೆದು ಬರೆದು ನನ್ನ ಬಲಭುಜ ನೋವು ಹಿಡಿದಿದೆ. ನಮ್ಮ ಮನೆಯವರದು ಶಿರಾ ಗೇಟಿನಲ್ಲಿ ಟೈರಿನ ಅಂಗಡಿ. ಅವರು ಲೆಕ್ಕವನ್ನು ಮನಸ್ಸಿನಲ್ಲೇ ಮಾಡುತ್ತಾರೆ, ನನಗಿಂತ ಬೇಗ ಮಾಡುತ್ತಾರೆ, ಆದರೆ ಆ ಮಾತನ್ನು ನಾನು ಶಾಲೆಯಲ್ಲಿ ಯಾರಿಗೂ ಹೇಳಿಲ್ಲ.

ಆ ನೀಲಿ ಕಾರ್ಡು ನನಗೆ ಸಂಬಳದ ಖಾತೆಯ ಜೊತೆ ಬಂದದ್ದು. ವರ್ಷಕ್ಕೆ ಐನೂರು ರೂಪಾಯಿ ಶುಲ್ಕ, ಅದರ ಮೇಲೆ ಜಿಎಸ್‌ಟಿ. "ಅಲ್ವೇ, ಖರ್ಚು ಮಾಡೋದು ನಾವು, ಅದಕ್ಕೆ ಬಾಡಿಗೇನೂ ನಾವೇ ಕೊಡ್ಬೇಕಾ?" ಎಂದು ಮನೆಯವರು ಮೊದಲ ದಿನವೇ ಕೇಳಿದ್ದರು. ಆದರೆ ವರ್ಷದಲ್ಲಿ ಇಷ್ಟು ಖರ್ಚು ಮಾಡಿದರೆ ಶುಲ್ಕ ಮಾಫಿ ಎಂದು ಕಾಗದದ ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ ಬರೆದಿತ್ತು. ನೂರು ರೂಪಾಯಿ ಖರ್ಚಿಗೆ ಇಷ್ಟು ಎಂದು ಪಾಯಿಂಟೂ ಬರುತ್ತಿತ್ತು. ಅಷ್ಟು ಸಾಕಾಯಿತು ನನಗೆ. ನೆಂಟರಿಷ್ಟರಲ್ಲಿ ಯಾರು ಏನು ಕೊಂಡರೂ ನನ್ನ ಕಾರ್ಡಿನಲ್ಲೇ ಉಜ್ಜಬೇಕು, ಆಮೇಲೆ ನನಗೆ ನಗದು ಕೊಡಬೇಕು ಎಂದು ಕಾನೂನು ಮಾಡಿದೆ. ಮೈದುನನ ಫ್ರಿಜ್ಜು, ಸ್ಟಾಫ್ ರೂಮಿನ ವಿಜ್ಞಾನದ ಟೀಚರ ಮಗಳ ಮದುವೆಯ ಸೀರೆಗಳು, ಪಕ್ಕದ ಮನೆಯವರ ನೀರಿನ ಮೋಟಾರು, ಎಲ್ಲಕ್ಕೂ ನಾನು ಕಾರ್ಡು ಹಿಡಿದು ಹಾಜರು. ಬಟ್ಟೆ ಅಂಗಡಿಯ ಕೌಂಟರಿನ ಹುಡುಗಿ ಒಮ್ಮೆ, "ಮೇಡಂ, ಇದು ನಿಮಗೆ ಎಷ್ಟನೇ ಮಗಳ ಮದುವೆ?" ಎಂದು ಕೇಳಿಯೇಬಿಟ್ಟಳು. ನನಗೆ ಮಗಳಿಲ್ಲ.

ಹೀಗೆ ಕೂಡಿದ ಪಾಯಿಂಟಿನಲ್ಲಿ ಮೊದಲ ಸಲ ಒಂದು ಬ್ರೆಡ್ಡು ಸುಡುವ ಯಂತ್ರ ಬಂತು. ನಮ್ಮ ಮನೆಯಲ್ಲಿ ಬ್ರೆಡ್ಡು ತಿನ್ನುವುದು ಜ್ವರ ಬಂದಾಗ ಮಾತ್ರ. ಅತ್ತೆ ಅದನ್ನು ಹಿಂದೆ ಮುಂದೆ ನೋಡಿ, "ಇಷ್ಟು ವರ್ಷ ಊರೋರ ಮದ್ವೆಗೆಲ್ಲ ಓಡಾಡಿ ಇದಾ ತಂದಿದ್ದು ನೀನು?" ಎಂದರು. ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. "ಮುಂದಿನ ಸಲ ನೀವು ಹೇಳಿದ್ದನ್ನೇ ತರ್ತೀನಿ ಅತ್ತೆ, ಏನು ಬೇಕು ಹೇಳಿ," ಎಂದುಬಿಟ್ಟೆ.

ಅತ್ತೆ ಒಂದು ನಿಮಿಷವೂ ಯೋಚಿಸಲಿಲ್ಲ. "ವಿಮಾನ," ಎಂದರು.

ಅದರ ಹಿನ್ನೆಲೆ ಹೇಳದಿದ್ದರೆ ನಿಮಗೆ ಅತ್ತೆಯ ಮೇಲೆ ತಪ್ಪು ಅಭಿಪ್ರಾಯ ಬರುತ್ತದೆ. ಅವರ ಹೆಸರು ಗಂಗಮ್ಮ, ಹೆಬ್ಬೂರಿನವರು. ಅವರಿಗೆ ಒಬ್ಬಳೇ ತಂಗಿ, ಪುಟ್ಟತಾಯಮ್ಮ, ಕೊಟ್ಟದ್ದು ಕುಣಿಗಲ್ಲಿಗೆ. ತಾಯಿ ಬೇಗ ತೀರಿಕೊಂಡಿದ್ದರಿಂದ ತಂಗಿಯನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ್ದು ಅತ್ತೆಯೇ. ಆ ತಂಗಿಯನ್ನು ಅವರ ಮಗ ಒಮ್ಮೆ ದೆಹಲಿಗೆ ವಿಮಾನದಲ್ಲಿ ಕರೆದುಕೊಂಡು ಹೋಗಿ ಬಂದ. ಅಲ್ಲಿಂದ ಚಿಕ್ಕತ್ತೆಯ ಮಾತಿನ ಧಾಟಿಯೇ ಬದಲಾಯಿತು. ಕೆಮ್ಮಿಗೆ ಕಷಾಯ ಹೇಳಿದರೂ, "ವಿಮಾನದಲ್ಲಿ ಮೋಡ ಎಲ್ಲಾ ಕಾಲಡಿ ಇತ್ತು ಕಣಕ್ಕ, ಹತ್ತಿ ರಾಶಿ ಹಾಕ್ದಂಗೆ," ಎಂದು ಮುಗಿಸುತ್ತಿದ್ದರು. ಅತ್ತೆ ಹೂಂ ಎನ್ನುತ್ತಿದ್ದರು. ಫೋನಿಟ್ಟ ಮೇಲೆ ಆರಿಸಿದ ಅಕ್ಕಿಯನ್ನೇ ಮತ್ತೆ ಆರಿಸುತ್ತ ಕೂರುತ್ತಿದ್ದರು.

ಒಂದು ದಿನ ನನ್ನೆದುರು ಬಾಯಿಬಿಟ್ಟರು. "ಅವಳಿಗೆ ಮೊದ್ಲು ಬಸ್ ಹತ್ಸಿದ್ದು ನಾನು ಕಣವ್ವ. ಹೆಬ್ಬೂರಿಂದ ತುಮಕೂರಿಗೆ. ಹೆದ್ರಿಕೊಂಡು ಕಣ್ಣು ಮುಚ್ಚಿ ಕೂತವ್ಳೆ, ನಾನು ಕೈ ಹಿಡ್ಕೊಂಡು ಕಣ್ಬಿಡೇ ಕಣ್ಬಿಡೇ ಅಂತ ಹೇಳಿ ಕೆರೆ ತೋರ್ಸಿದೆ. ರೈಲು ತೋರ್ಸಿದ್ದೂ ನಾನೇ. ವಿಮಾನ ಒಂದು ಮಾತ್ರ ಅವಳು ಮೊದ್ಲು ನೋಡ್ಬುಟ್ಳು."

ಹೊಟ್ಟೆಕಿಚ್ಚಲ್ಲ ಅದು. ಅಕ್ಕನ ಸ್ಥಾನ ಕೈ ತಪ್ಪಿದ ಸಂಕಟ. ನನಗೆ ಆವತ್ತೇ ಅನ್ನಿಸಿತು, ಏನಾದರೂ ಆಗಲಿ ಅತ್ತೆಯನ್ನು ವಿಮಾನ ಹತ್ತಿಸಬೇಕು, ಅದೂ ನನ್ನ ಪಾಯಿಂಟಿನಲ್ಲೇ ಹತ್ತಿಸಬೇಕು ಎಂದು. ಮಗನ ದುಡ್ಡಿನಲ್ಲಿ ಕರೆದುಕೊಂಡು ಹೋಗುತ್ತೇವೆ ಎಂದರೆ ಅವರು, "ಟೈರ್ ಮಾರಿದ್ ದುಡ್ಡನ್ನ ಗಾಳಿಗೆ ಬುಡ್ತೀರಾ?" ಎಂದು ಬಯ್ಯುತ್ತಿದ್ದರು. ಪಾಯಿಂಟು ಎಂದರೆ ಅವರ ಲೆಕ್ಕದಲ್ಲಿ ಪ್ರಸಾದ ಇದ್ದ ಹಾಗೆ, ಬಂದರೆ ಬೇಡ ಎನ್ನಬಾರದು.

ಹೋದ ವರ್ಷ ಆಷಾಢದ ಶುರುವಿನಲ್ಲಿ ಬ್ಯಾಂಕಿನಿಂದ ಫೋನು ಬಂತು. ಹುಡುಗಿ ಕಾವ್ಯ ಎಂದು ಹೆಸರು ಹೇಳಿದಳು. ನನ್ನ ನೀಲಿ ಕಾರ್ಡಿನಲ್ಲಿ ಪಾಯಿಂಟಿಗೆ ಪಾತ್ರೆ ಪಗಡೆ ಮಾತ್ರ ಸಿಗುತ್ತದಂತೆ, ಅದನ್ನು ಮೇಲಿನ ದರ್ಜೆಗೆ ಬದಲಾಯಿಸಿಕೊಂಡರೆ ಅದೇ ಪಾಯಿಂಟಿಗೆ ವಿಮಾನದ ಟಿಕೆಟ್ ಸಿಗುತ್ತದಂತೆ. ನಾನು ಸ್ಟಾಫ್ ರೂಮಿನ ಬೆಂಚಿನ ಮೇಲಿಂದ ಎದ್ದು ನಿಂತೆ. ಇದ್ದ ಪಾಯಿಂಟು ಹನ್ನೊಂದು ಸಾವಿರ ಚಿಲ್ಲರೆ. ಇಬ್ಬರಿಗೆ ಹುಬ್ಬಳ್ಳಿಗೆ ಒಂದು ಕಡೆಯ ಟಿಕೆಟ್ಟಿಗೆ ಹದಿನೆಂಟು ಸಾವಿರ ಬೇಕು. ಕಾರ್ಡು ಬದಲಾಯಿಸಿಕೊಂಡವರಿಗೆ ಎಂಟು ಸಾವಿರ ಪಾಯಿಂಟು ಬೋನಸ್ ಇದೆ. ಕೂಡಿಸಿದರೆ ಸಾಲುತ್ತದೆ. ಹೋಗುವುದು ವಿಮಾನ, ಹುಬ್ಬಳ್ಳಿಯಲ್ಲಿ ಮಠದ ದರ್ಶನ, ಬರುವುದು ರೈಲು. ಗುಬ್ಬಿ ದಾಟಿದರೆ ತುಮಕೂರೇ. ಎಷ್ಟು ಅಚ್ಚುಕಟ್ಟಾದ ಲೆಕ್ಕ ನೋಡಿ.

"ಹೊಸ ಕಾರ್ಡಿನ ವಾರ್ಷಿಕ ಶುಲ್ಕ ಎರಡೂವರೆ ಸಾವಿರ ಮೇಡಂ, ಪ್ಲಸ್ ಜಿಎಸ್‌ಟಿ. ಮೊದಲ ಬಿಲ್ಲಲ್ಲೇ ಬರುತ್ತೆ. ಅದು ಪೇ ಆದ್ಮೇಲೆ ಬೋನಸ್ ಪಾಯಿಂಟ್ಸ್ ಬರ್ತವೆ. ಹಳೇ ಕಾರ್ಡಿನ ಶುಲ್ಕ ಇನ್ನು ಹದಿನೈದು ದಿನಕ್ಕೆ ಬೀಳುತ್ತೆ, ಅದರೊಳಗೆ ಅಪ್‌ಗ್ರೇಡ್ ಮಾಡಿಸ್ಕೊಂಡ್ರೆ ಅದು ಉಳಿಯುತ್ತೆ," ಎಂದಳು ಕಾವ್ಯ.

ಆ ವರ್ಷ ನಮ್ಮ ಬಳಗದಲ್ಲಿ ಒಂದು ಮದುವೆಯೂ ಆಗಿರಲಿಲ್ಲ. ಹಾಗಾಗಿ ಹಳೆಯ ಕಾರ್ಡಿನ ಶುಲ್ಕ ಮಾಫಿಯಾಗಲು ಒಂದು ವಾಷಿಂಗ್ ಮೆಷಿನ್ನಿನಷ್ಟು ಖರ್ಚು ಕಮ್ಮಿ ಬಿದ್ದಿತ್ತು. ಅವಳು ಹೇಳಿದ ನಾಲ್ಕು ಮಾತಿನಲ್ಲಿ ನಾನು ಸರಿಯಾಗಿ ಕೇಳಿಸಿಕೊಂಡದ್ದು ಎರಡು, ವಿಮಾನ ಮತ್ತು ಬೋನಸ್. ಪಾಠ ಮಾಡುವಾಗ ಮಕ್ಕಳು ಹೀಗೆ ಅರ್ಧ ಕೇಳಿಸಿಕೊಂಡರೆ ನಾನು ಸೀಮೆಸುಣ್ಣ ಎಸೆಯುತ್ತಿದ್ದೆ, ಈಗ ಎಸೆಯುವ ಹಾಗಿಲ್ಲ.

ಶುಲ್ಕದ ವಿಷಯದಲ್ಲಿ ನನಗೆ ಅಷ್ಟು ಧೈರ್ಯ ಇದ್ದದ್ದಕ್ಕೂ ಒಂದು ಕಾರಣ ಇದೆ. ನಾನು ಹುಟ್ಟಿ ಬೆಳೆದದ್ದು ಗುಬ್ಬಿಯಲ್ಲೇ. ಬಸ್ ಸ್ಟ್ಯಾಂಡಿನ ಹಿಂದೆ ಚನ್ನಬಸಪ್ಪನವರು ಎಂಬ ಹಿರಿಯರು ಬಾಡಿಗೆ ಪುಸ್ತಕದ ಲೈಬ್ರರಿ ಇಟ್ಟಿದ್ದರು. ಒಂದೇ ಕೋಣೆ. ಒಳಗೆ ಹೋದರೆ ಹಳೆಯ ಕಾಗದದ ವಾಸನೆ, ಅದರ ಜೊತೆಗೆ ಪಕ್ಕದ ಹೋಟೆಲಿನ ಮೆಣಸಿನಕಾಯಿ ಬೋಂಡದ ವಾಸನೆ. ಇವತ್ತಿಗೂ ಬೋಂಡ ಕರಿಯುವ ಕಡೆ ಹೋದರೆ ನನಗೆ ಪತ್ತೇದಾರಿ ಕಾದಂಬರಿ ಓದಬೇಕು ಅನ್ನಿಸುತ್ತದೆ. ಅಲ್ಲಿ ಎರಡು ದರ್ಜೆ. ಬಿಳಿ ಚೀಟಿಯವರಿಗೆ ಒಂದು ಸಲಕ್ಕೆ ಒಂದು ಪುಸ್ತಕ, ವರ್ಷಕ್ಕೆ ಹನ್ನೆರಡು ರೂಪಾಯಿ. ಹಸಿರು ಚೀಟಿಯವರಿಗೆ ಎರಡು ಪುಸ್ತಕ, ವರ್ಷಕ್ಕೆ ಹದಿನೆಂಟು.

ನಮ್ಮಮ್ಮ ಓದುವವರು. ಆದರೆ ನಾನು ತಂದ ಒಂದೇ ಪುಸ್ತಕವನ್ನು ನಾನು ಮುಗಿಸುವ ತನಕ ಮುಟ್ಟುತ್ತಿರಲಿಲ್ಲ, ಮುಗಿಸಿದ ದಿನವೇ ಅದು ವಾಪಸ್ಸು ಹೋಗುತ್ತಿತ್ತು. ದಸರಾ ರಜದಲ್ಲಿ ಮಾವ ಕೊಟ್ಟ ಮೂರು ರೂಪಾಯಿ ಹಿಡಿದುಕೊಂಡು ನಾನು ಚನ್ನಬಸಪ್ಪನವರ ಮುಂದೆ ನಿಂತೆ. ಹಸಿರು ಚೀಟಿಗೆ ಇದು ಸಾಲದು ಎಂದು ಗೊತ್ತಿತ್ತು, ಆದರೂ ನಿಂತೆ. ಅವರು ಕನ್ನಡಕ ಮೇಲಕ್ಕೆ ಸರಿಸಿ, ಬಸ್ ಟಿಕೆಟ್ಟಿನ ಹಿಂದೆ ಲೆಕ್ಕ ಹಾಕಿದರು. "ನೀನು ಕಟ್ಟಿರೋ ವರ್ಷದಲ್ಲಿ ಇನ್ನು ಐದು ತಿಂಗ್ಳು ಐತೆ. ತಿಂಗಳಿಗೆ ಎಂಟಾಣೆ ವ್ಯತ್ಯಾಸ. ಎರಡೂವರೆ ರೂಪಾಯಿ ಕೊಡು ಸಾಕು," ಎಂದು ಮಿಕ್ಕ ಎಂಟಾಣೆ ನನ್ನ ಕೈಗೆ ಹಾಕಿದರು. ಆ ಎಂಟಾಣೆಗೆ ನಾನು ಬೋಂಡ ತಿಂದೆ. ಎರಡನೆಯ ಪುಸ್ತಕವನ್ನು ಅಮ್ಮ ಹಂಡೆ ಒಲೆಯ ಮುಂದೆ ಕೂತು ಓದಿದರು. ನೀರು ಕುದ್ದು ಅರ್ಧವಾದರೂ ಏಳಲಿಲ್ಲ.

ನಾನು ಗಣಿತದ ಟೀಚರಾದದ್ದು ಆ ಬಸ್ ಟಿಕೆಟ್ಟಿನ ಲೆಕ್ಕದಿಂದಲೇ ಎಂದು ಎಷ್ಟೋ ಸಲ ಅನ್ನಿಸಿದೆ. ಅದರ ಜೊತೆ ಇನ್ನೊಂದು ನಂಬಿಕೆಯೂ ತಲೆಯಲ್ಲಿ ಕೂತುಬಿಟ್ಟಿತು. ಕೆಳಗಿನ ಚೀಟಿಯಿಂದ ಮೇಲಿನ ಚೀಟಿಗೆ ಹೋದರೆ ವ್ಯತ್ಯಾಸ ಮಾತ್ರ ಕೊಡಬೇಕು, ಪ್ರಪಂಚ ನಡೆಯುವುದೇ ಹಾಗೆ ಎಂದು. ಬ್ಯಾಂಕುಗಳನ್ನು ಚನ್ನಬಸಪ್ಪನವರು ನಡೆಸುತ್ತಿಲ್ಲ ಎಂಬುದು ನನಗೆ ಹೊಳೆಯಲೇ ಇಲ್ಲ.

ಸಂಜೆ ಮನೆಗೆ ಬಂದು ಸುದ್ದಿ ಹೇಳಿದೆ. ಅತ್ತೆಯ ಮುಖ ಅರಳಿತು, ಮರುಕ್ಷಣವೇ ಗಂಭೀರವಾಯಿತು.

"ಇದ್ಯಾವ ಮಾಸ ಈಗ?"

"ಆಷಾಢ."

"ಆಷಾಢದಲ್ಲಿ ಹೊಸ ಸೊಸೇನೇ ಮನೇಲಿ ಇಟ್ಕೊಳಲ್ಲ, ಹೊಸ ಕಾರ್ಡ್ ಇಟ್ಕೊತೀಯಾ? ಮೇಲೆ ಹಾರೋ ಕೆಲ್ಸ ಕಣವ್ವ ಇದು, ಆಟ ಅಲ್ಲ. ಶ್ರಾವಣ ಬರ್ಲಿ. ಮೊದಲ್ನೇ ಸೋಮವಾರ ಮಾಡ್ಸು."

"ಹಂಗಾದ್ರೆ ಅಲ್ಲೀವರ್ಗೂ ಹಳೇ ಕಾರ್ಡನ್ನ ತವರಿಗೆ ಕಳ್ಸಿ," ಎಂದರು ಮನೆಯವರು ಕಾಫಿ ಹೀರುತ್ತ.

ಐನೂರು ರೂಪಾಯಿ ಉಳಿಸಲು ಅತ್ತೆಯ ಮನಸ್ಸು ನೋಯಿಸುವುದೇ? ಹೇಗೂ ಮಿಕ್ಕ ತಿಂಗಳುಗಳದ್ದು ಮುರಿದುಕೊಡುತ್ತಾರಲ್ಲ ಎಂದುಕೊಂಡು ಕಾವ್ಯಳಿಗೆ ಫೋನು ಮಾಡಿದೆ. ಶ್ರಾವಣದ ಮೊದಲ ಸೋಮವಾರ ಮಾಡಿಕೊಡಮ್ಮ ಎಂದೆ. "ಮೇಡಂ, ಸಿಸ್ಟಮ್ಮಲ್ಲಿ ಶ್ರಾವಣ ಅಂತ ಆಪ್ಷನ್ ಇಲ್ಲ," ಎಂದಳು ಆ ಹುಡುಗಿ ಪಾಪ, ತಾರೀಖು ಕೇಳಿ ಬರೆದುಕೊಂಡಳು.

ಆಷಾಢದ ಮಧ್ಯೆ ಹಳೆಯ ಕಾರ್ಡಿನ ಶುಲ್ಕ ಬಿತ್ತು, ತೆರಿಗೆ ಸೇರಿ ಐನೂರ ತೊಂಬತ್ತು. ಶ್ರಾವಣ ಸೋಮವಾರ ಅತ್ತೆ ಶಿವಪೂಜೆ ಮುಗಿಸಿ, ಕೊರಿಯರಿನಲ್ಲಿ ಬಂದಿದ್ದ ಹೊಸ ಕಾರ್ಡಿಗೆ ವಿಭೂತಿ ಹಚ್ಚಿ ಕೈಗೆ ಕೊಟ್ಟರು. ಅದರ ಚಿಪ್ಪಿನೊಳಕ್ಕೆ ವಿಭೂತಿ ಹೋಗದಂತೆ ಒರೆಸಿಕೊಳ್ಳುವುದೇ ಒಂದು ಕೆಲಸವಾಯಿತು. ಹಳೆಯದರ ಮೂಲೆ ಕತ್ತರಿಸಿ ಅಡುಗೆಮನೆಗೆ ಹಾಕಿದೆ. ತಿಂಗಳ ಬಿಲ್ಲಿನಲ್ಲಿ ಹೊಸ ಶುಲ್ಕ ಬಂತು, ಎರಡು ಸಾವಿರದ ಒಂಬೈನೂರ ಐವತ್ತು. ವ್ಯತ್ಯಾಸವಲ್ಲ, ಪೂರ್ತಿ. ಮೊನ್ನೆ ತಾನೇ ಕಟ್ಟಿದ ಐನೂರ ತೊಂಬತ್ತರ ಸುದ್ದಿಯೇ ಇಲ್ಲ. ಒಂದೇ ಮಳೆಗಾಲದಲ್ಲಿ ಎರಡು ಶುಲ್ಕ!

ನನಗೆ ಸಿಟ್ಟು ನೆತ್ತಿಗೇರಿತು. ನಾನು ತುಮಕೂರಿನ ತರಕಾರಿ ಮಾರ್ಕೆಟ್ಟಿನಲ್ಲಿ ಪಳಗಿದವಳು. ಒಂದು ಕಂತೆ ಸಬ್ಬಸಿಗೆ ಸೊಪ್ಪಿಗೆ ಹತ್ತು ನಿಮಿಷ ಚೌಕಾಸಿ ಮಾಡಿ, ಕೊನೆಗೆ ಕರಿಬೇವು ಬಿಟ್ಟಿ ಹಾಕಿಸಿಕೊಳ್ಳದೆ ಹಿಂತಿರುಗಿದವಳಲ್ಲ. ಕಾವ್ಯಳನ್ನು ಹಿಡಿದು ಮುಕ್ಕಾಲು ಗಂಟೆ ಮಾತಾಡಿದೆ. ಚನ್ನಬಸಪ್ಪನವರ ವಿಷಯವನ್ನೂ ಹೇಳಿದೆ. ಹಳೆಯ ಶುಲ್ಕದಲ್ಲಿ ಉಳಿದ ಹನ್ನೊಂದು ತಿಂಗಳದ್ದು ಎರಡು ಬಿಲ್ಲಿನೊಳಗೆ ತಾನಾಗಿಯೇ ವಾಪಸ್ಸು ಬರುತ್ತದೆ, ಹೊಸ ಕಾರ್ಡಿಗೆ ವರ್ಷ ಹೊಸದಾಗಿ ಶುರುವಾಗುತ್ತದೆ, ಖರ್ಚಿನ ಲೆಕ್ಕವೂ ಸೊನ್ನೆಯಿಂದ ಶುರು ಎಂದೆಲ್ಲ ಅವಳು ವಿವರಿಸಿದಳು. ಎಲ್ಲಾ ಬ್ಯಾಂಕುಗಳಲ್ಲಿ ಹಾಗೆ ವಾಪಸ್ಸು ಕೊಡುವುದಿಲ್ಲವಂತೆ, ಇವರೇ ವಾಸಿಯಂತೆ. ನಾನು ಬಿಡಲಿಲ್ಲ. ಹೊಸ ಶುಲ್ಕವನ್ನೂ ತೆಗಿ, ಇಲ್ಲದಿದ್ದರೆ ಕಾರ್ಡೇ ಬೇಡ ಎಂದೆ. ಸೊಪ್ಪಿನವಳ ಮುಂದಿನಿಂದ ಎರಡು ಹೆಜ್ಜೆ ಹಿಂದಕ್ಕೆ ನಡೆಯುವ ವಿದ್ಯೆ ಇದು. ಫೋನಿನಲ್ಲೂ ಫಲಿಸಿತು. ಅವಳು ಮೇಲಿನವರನ್ನು ಕೇಳಿ ಬಂದು, "ಆಯ್ತು ಮೇಡಂ, ಈ ವರ್ಷದ ಶುಲ್ಕ ಮನ್ನಾ ಮಾಡಿದೀವಿ," ಎಂದಳು.

ಆವತ್ತು ನಾನು ನೆಲದ ಮೇಲೆ ನಡೆಯಲಿಲ್ಲ. ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಹೇಳಿದೆ, ಎಂಟನೇ ಕ್ಲಾಸಿನ ಮಕ್ಕಳಿಗೂ ಹೇಳಿದೆ, ಬರುವಾಗ ಕಾಲು ಕೆಜಿ ಮೈಸೂರು ಪಾಕು ತಂದೆ. ಅತ್ತೆ ಹುಬ್ಬಳ್ಳಿಗೆಂದು ಎತ್ತಿಟ್ಟಿದ್ದ ಹಸಿರು ಸೀರೆಗೆ ಫಾಲ್ಸ್ ಹಾಕಿಸಿಕೊಂಡು ಬಂದರು. ಕುಣಿಗಲ್ಲಿಗೆ ಫೋನು ಮಾಡಿ, "ನಾನೂ ಹೊರಟೆ ಕಣೇ ಪುಟ್ಟತಾಯಿ, ಸೊಸೆ ಪುಣ್ಯದಲ್ಲಿ," ಎಂದರು.

ಎರಡು ತಿಂಗಳಾಯಿತು. ಪಾಯಿಂಟು ಬರಲಿಲ್ಲ. ಹನ್ನೊಂದು ಸಾವಿರ ಚಿಲ್ಲರೆ ಅಲ್ಲೇ ನಿಂತಿತ್ತು. ಕಾವ್ಯಳನ್ನು ಕೇಳಿದರೆ ಅವಳು ಮೆಲ್ಲಗೆ, "ಮೇಡಂ, ಬೋನಸ್ ಬರೋದು ಶುಲ್ಕ ಕಟ್ಟಿದೋರಿಗೆ ಮಾತ್ರ. ನಿಮ್ಮದು ಮನ್ನಾ ಆಗಿದೆಯಲ್ಲ," ಎಂದಳು.

ಮೊದಲ ದಿನವೇ ಹೇಳಿದ್ದಳು. ಪೇ ಆದಮೇಲೆ ಎಂದು. ನಾನು ಚೌಕಾಸಿ ಮಾಡಿ ಮಾಡಿ ಅತ್ತೆಯ ವಿಮಾನವನ್ನೇ ಕೆಳಗಿಳಿಸಿದ್ದೆ.

ಆವತ್ತೇ ಅತ್ತೆಗೆ ಎಲ್ಲವನ್ನೂ ಹೇಳಿದೆ. ಅವರು ಬಯ್ಯಲಿಲ್ಲ. "ಹೋಗ್ಲಿ ಬುಡವ್ವ, ಆ ಮೋಡ ಏನು ಓಡೋಗುತ್ತಾ," ಎಂದು ಎದ್ದು ಹೋಗಿ, ಮೊಳೆಗೆ ತೂಗುಹಾಕಿದ್ದ ಹಸಿರು ಸೀರೆಯನ್ನು ಮಡಿಸಿ ಬೀರುವಿಗೆ ಇಟ್ಟರು. ಬಯ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಮಡಿಸಿದ್ದನ್ನು ನೋಡಿ ನನಗೆ ಅಳು ಬಂತು, ಸಿಂಕಿನ ನಲ್ಲಿ ಜೋರಾಗಿ ತಿರುಗಿಸಿ ಪಾತ್ರೆ ತೊಳೆಯುತ್ತ ಅತ್ತುಬಿಟ್ಟೆ. ಕೈಗೆ ಸಿಕ್ಕಿದ್ದು ಆ ನೀಲಿ ತುಂಡು. ಅದನ್ನೂ ತೊಳೆದೆ.

ಮಾರನೆಯ ದಿನ ಭಾನುವಾರ. ಊಟವಾದ ಮೇಲೆ ಅತ್ತೆಯ ಪಕ್ಕದಲ್ಲೇ ಕೂತು ಫೋನು ಮಾಡಿದೆ. ಮರ್ಯಾದೆಯನ್ನು ಗಂಟು ಕಟ್ಟಿ ಪಕ್ಕಕ್ಕಿಟ್ಟು ಹೇಳಿದೆ.

"ಕಾವ್ಯ, ದಯವಿಟ್ಟು ನನಗೆ ಶುಲ್ಕ ಹಾಕಿ."

ಆ ಕಡೆಯಿಂದ ನಗು ತಡೆದ ದನಿ ಬಂತು. "ಮೇಡಂ, ಶುಲ್ಕ ತೆಗೀರಿ ಅಂತ ದಿನಾ ಎಷ್ಟೋ ಜನ ಫೋನ್ ಮಾಡ್ತಾರೆ. ಹಾಕಿ ಅಂತ ಇದುವರೆಗೂ ಯಾರೂ ಮಾಡಿಲ್ಲ. ಅದಕ್ಕೆ ನಮ್ಮಲ್ಲಿ ಬಟನ್ನೇ ಇಲ್ಲ."

ಅತ್ತೆ ಕೈ ಚಾಚಿ ಫೋನು ಇಸಿದುಕೊಂಡರು. "ನೋಡವ್ವ ಮಗ, ನಮ್ ಸೊಸೆ ಹಂಗೆ ಮಾತಾಡಿದ್ದು ತಪ್ಪಾಯ್ತು. ಅವಳು ಸೊಪ್ಪಿನವಳ ಹತ್ರಾನೂ ಹಿಂಗೇ ಆಡೋದು, ಮನಸ್ಸಲ್ಲಿ ಏನೂ ಇಲ್ಲ. ನಿಮ್ ದುಡ್ಡು ನೀವು ತಗೊಳ್ರವ್ವ, ನಮ್ ವಿಮಾನ ನಮಗೆ ಕೊಡ್ರಿ. ನಿಂಗೂ ಅಜ್ಜಿ ಅವ್ರೇನವ್ವ?"

ಆಮೇಲೆ ಅವರಿಬ್ಬರೂ ಕಾವ್ಯಳ ಅಜ್ಜಿಯ ಮಂಡಿನೋವಿನ ಬಗ್ಗೆ ಮಾತಾಡಿದರು. ಎಕ್ಕದ ಎಲೆ ಬಿಸಿ ಮಾಡಿ ಕಟ್ಟಬೇಕು ಎಂದು ಅತ್ತೆ ಹೇಳಿದರು. ಅವಳು ಬರೆದುಕೊಂಡಳೋ ಏನೋ. ದೂರು ಎಂದು ಒಂದು ಅರ್ಜಿ ಹಾಕಿದಳು, ಗ್ರಾಹಕರ ದೂರು ಏನೆಂದರೆ ನನಗೆ ಶುಲ್ಕ ವಿಧಿಸಿಲ್ಲ ಎಂಬುದು. ಅದು ಮೂರು ಮೇಜು ದಾಟಿತಂತೆ. ತಿಂಗಳ ಕೊನೆಗೆ ಬಿಲ್ಲಿನಲ್ಲಿ ಎರಡು ಸಾವಿರದ ಒಂಬೈನೂರ ಐವತ್ತು ಬಂದು ಕೂತಿತು. ಜೀವನದಲ್ಲಿ ಅಷ್ಟು ಸಂತೋಷದಿಂದ ನಾನು ಯಾವ ಬಿಲ್ಲನ್ನೂ ಕಟ್ಟಿಲ್ಲ. ಹತ್ತು ದಿನಕ್ಕೆ ಪಾಯಿಂಟು ಬಂತು.

ಟಿಕೆಟ್ಟು ಪಾಯಿಂಟಿನಲ್ಲಿ, ಅದರ ಮೇಲಿನ ತೆರಿಗೆ ಕೈಯಿಂದ. ಅದಕ್ಕೂ ಒಂದು ಚೌಕಾಸಿ ಮಾತು ಬಾಯಿಗೆ ಬಂದಿತ್ತು, ನುಂಗಿಕೊಂಡೆ. ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಅತ್ತೆಯ ಕೊರಳಿನ ಬೆಳ್ಳಿ ಕರಡಿಗೆ ಕಂಡು ಪೊಲೀಸಿನ ಹೆಣ್ಣುಮಗಳು ತೆಗೆದು ತಟ್ಟೆಗೆ ಹಾಕಿ ಎಂದು ಹಿಂದಿಯಲ್ಲಿ ಹೇಳಿದಳು. ಅತ್ತೆ ಎರಡು ಕೈಯಲ್ಲೂ ಕರಡಿಗೆ ಮುಚ್ಚಿಕೊಂಡು, "ಇದನ್ನ ಜೀವ ಇರೋವರ್ಗೂ ತೆಗೆಯಂಗಿಲ್ಲ ಕಣವ್ವ, ನಿನ್ ಕೈಯಿಂದಲೇ ಮುಟ್ಟಿ ನೋಡು, ಒಳಗೆ ಲಿಂಗ ಐತೆ," ಎಂದರು. ನಾನು ನನ್ನ ಹರುಕು ಹಿಂದಿಯಲ್ಲಿ ವಿವರಿಸಿದೆ. ಅವಳು ಯಂತ್ರವನ್ನು ಮೆತ್ತಗೆ ಒಂದು ಸುತ್ತು ಆಡಿಸಿ, ಕೈ ಮುಗಿದು ಮುಂದಕ್ಕೆ ಬಿಟ್ಟಳು. ಕಾರ್ಡಿಗೆ ಅಲ್ಲಿನ ಲೌಂಜಿನಲ್ಲಿ ಊಟ ಬಿಟ್ಟಿ ಎಂದು ಹೋದರೆ, ಕಾರ್ಡು ಇರುವವರೊಬ್ಬರಿಗೆ ಮಾತ್ರವಂತೆ. ನಾವಿಬ್ಬರೂ ಹೊರಗಿನ ಕುರ್ಚಿಯಲ್ಲಿ ಕೂತು, ಮನೆಯಿಂದ ತಂದಿದ್ದ ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ತಿಂದೆವು.

ಕಿಟಕಿಯ ಸೀಟು ಅತ್ತೆಯದು. ಹಸಿರು ಸೀರೆ, ಹಣೆಗೆ ವಿಭೂತಿ. ವಿಮಾನ ಓಡತೊಡಗಿದ್ದೇ ತಡ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡು ಕಣ್ಣು ಮುಚ್ಚಿಬಿಟ್ಟರು. "ಶಿವಾ, ಶಿವಾ" ಎಂಬುದೊಂದೇ ಮಾತು. ಮೇಲೇರಿ ಸಮವಾದ ಮೇಲೂ ಕಣ್ಣು ಬಿಡಲಿಲ್ಲ.

"ಅತ್ತೆ, ನೋಡಿ, ಮೋಡ! ಕೆಳಗಿದೆ!"

"ನೀನು ನೋಡಿ ಹೇಳವ್ವ."

"ಬಿಳೀ ಮೋಡ, ಮೇಲೆ ಬಿಸಿಲು ಬಿದ್ದಿದೆ. ಒಂದು ಕಡೆ ತೂತಾಗಿ ಕೆರೆ ಕಾಣ್ತಿದೆ."

"ಹೂಂ. ಆಮೇಲೆ?"

ಇಷ್ಟೆಲ್ಲ ಮಾಡಿ ಅತ್ತೆ ಮೋಡ ನೋಡಲಿಲ್ಲ. ಹುಬ್ಬಳ್ಳಿ ಬರುವ ತನಕ ನಾನು ಅವರ ಮೈಮೇಲೆ ಬಾಗಿ ಕಿಟಕಿಯಲ್ಲಿ ನೋಡುತ್ತ ಹೇಳಿದೆ, ಅವರು ಕಣ್ಣು ಮುಚ್ಚಿಕೊಂಡು ಕೇಳಿದರು. ನನ್ನ ಬೆರಳು ಜೋಮು ಹಿಡಿದಿತ್ತು. ಚಕ್ರ ನೆಲ ಮುಟ್ಟಿ ಎಲ್ಲರೂ ಎದ್ದು ನಿಂತ ಮೇಲೆ ಕಣ್ಣು ಬಿಟ್ಟು, "ಆಯ್ತಾ?" ಎಂದರು.

ಹೊರಗೆ ಬಂದು ಬೆಂಚಿನ ಮೇಲೆ ಕೂತದ್ದೇ ಕುಣಿಗಲ್ಲಿಗೆ ಫೋನು. ಅತ್ತೆ ಯಾವಾಗಲೂ ಸ್ಪೀಕರ್ ಹಾಕಿಯೇ ಮಾತಾಡುವುದು.

"ಪುಟ್ಟತಾಯಿ, ಇಳ್ದೆ ಕಣೇ. ಮೋಡ ಎಲ್ಲಾ ಕಾಲಡಿ ಇತ್ತು."

"ಹೌದಾ ಅಕ್ಕ?" ಚಿಕ್ಕತ್ತೆಯ ದನಿಯಲ್ಲಿ ನಾನು ಎಂದೂ ಕೇಳದ ಆಸೆ ಇತ್ತು. "ನಿಜ್ವಾಗ್ಲೂ ಕಾಲಡಿ ಇತ್ತಾ? ಹೆಂಗಿತ್ತಕ್ಕ, ಹೇಳು."

"ಹೆಂಗಿತ್ತು ಅಂದ್ರೆ? ನೀನೇ ನೋಡಿದ್ದೀಯಲ್ಲೇ, ಹತ್ತಿ ರಾಶಿ ಅಂತ."

ಕುಣಿಗಲ್ಲಿನ ಮನೆಯ ಗಡಿಯಾರ ಹೊಡೆಯುವುದು ಕೇಳಿಸಿತು.

"ನಾನೆಲ್ಲಿ ನೋಡ್ದೆ ಅಕ್ಕ," ಎಂದರು ಚಿಕ್ಕತ್ತೆ ಸಣ್ಣ ದನಿಯಲ್ಲಿ. "ಹೋಗ್ತಾ ಬರ್ತಾ ಎರಡು ಸಲಾನೂ ಕಣ್ಮುಚ್ಕೊಂಡೇ ಕೂತಿದ್ದೆ. ಹತ್ತಿ ರಾಶಿ ಅಂತ ಮಗ ಹೇಳಿದ್ದು. ನಿನ್ ಹತ್ರ ಹೆಂಗೆ ಹೇಳ್ಲಿ, ನಾಚ್ಕೆ ಆಗ್ತಿತ್ತು."

ಅತ್ತೆ ನನ್ನ ಮುಖ ನೋಡಿದರು. ಆಮೇಲೆ ನಗಲು ಶುರು ಮಾಡಿದರು. ಎಂಥ ನಗು ಎಂದರೆ, ಸೂಟ್‌ಕೇಸು ಎಳೆದುಕೊಂಡು ಹೋಗುತ್ತಿದ್ದವರೆಲ್ಲ ತಿರುಗಿ ನೋಡಿದರು. ಕಣ್ಣಲ್ಲಿ ನೀರು, ಸೆರಗು ಬಾಯಿಗೆ. "ಅಯ್ಯೋ ಇವಳೇ, ನಂದೂ ಅದೇ ಕತೆ ಕಣೇ! ನನ್ ಸೊಸೆ ಕಣ್ಣಲ್ಲಿ ನೋಡ್ಕೊಂಡು ಬಂದೆ!"

ಫೋನಿನೊಳಗೂ ನಗು. ಅದು ನಿಂತ ಮೇಲೆ ಚಿಕ್ಕತ್ತೆ ಹೇಳಿದರು. "ಅಕ್ಕಾ, ಅವತ್ತು ಬಸ್ಸಲ್ಲಿ ನನ್ ಕೈ ಹಿಡ್ಕೊಂಡಿದ್ಯಲ್ಲ, ಹಂಗೆ ನೀನು ಹಿಡ್ಕೊಂಡ್ರೆ ನಾನು ಕಣ್ ಬಿಡ್ತೀನಿ."

ಅತ್ತೆ ಕರಡಿಗೆಯನ್ನು ಒಮ್ಮೆ ಕಣ್ಣಿಗೊತ್ತಿಕೊಂಡು, "ಆಯ್ತು ಕಣೇ. ನಾನ್ ಇದೀನಲ್ಲ," ಎಂದರು. ಅಕ್ಕನ ದನಿ ಅದು. ಆ ದನಿ ಬರಲು ಎಷ್ಟು ಪಾಯಿಂಟಾದರೂ ಕಮ್ಮಿಯೇ ಎಂದು ನನಗೆ ಅನ್ನಿಸಿತು.

ಹಾಗಾಗಿ ಇವತ್ತು ಬೆಳಗ್ಗೆ ಬಂದ ಸಂದೇಶ ಇದು. ಹೊಸ ಕಾರ್ಡಿಗೆ ವರ್ಷ ತುಂಬಿದೆ. ವರ್ಷದ ಲೆಕ್ಕ ಬದಲಾಯಿಸಿಕೊಂಡ ದಿನದಿಂದಲೇ ಶುರುವಾಗುವುದರಿಂದ ಶುಲ್ಕದ ದಿನ ಆಷಾಢ ಬಿಟ್ಟು ಮುಂದಕ್ಕೆ ಬಂದುಬಿಟ್ಟಿದೆ, ಅದು ತನ್ನಿಂದಲೇ ಆದದ್ದು ಎಂದು ಅತ್ತೆಗೆ ಹೆಮ್ಮೆ. ಹತ್ತು ಗಂಟೆಗೆ ಕಾವ್ಯಳೇ ಫೋನು ಮಾಡಿದಳು. ಅತ್ತೆಯ ಆರೋಗ್ಯ ವಿಚಾರಿಸಿದಳು. ಆಮೇಲೆ, "ಮೇಡಂ, ನಿಮ್ಮ ಖರ್ಚು ಸ್ವಲ್ಪ ಕಮ್ಮಿ ಬಿದ್ದಿದೆ. ನಾನು ಕೇಳಿದ್ರೆ ಈ ಸಲಾನೂ ಮನ್ನಾ ಆಗಬಹುದು. ಆದ್ರೆ ಶುಲ್ಕ ಕಟ್ಟಿದೋರಿಗೆ ಪ್ರತಿ ವರ್ಷ ಸಿಗೋ ರಿನ್ಯೂವಲ್ ಪಾಯಿಂಟ್ಸ್ ಬರಲ್ಲ. ಏನ್ ಮಾಡ್ಲಿ?" ಎಂದಳು.

ಬಾಗಿಲಲ್ಲಿ ಆಟೋ ನಿಂತ ಸದ್ದು. ಕುಣಿಗಲ್ಲಿನಿಂದ ಚಿಕ್ಕತ್ತೆ ಬಂದಿಳಿದರು, ಕೈಯಲ್ಲೊಂದು ಚೀಲ, ಚೀಲದಲ್ಲಿ ಮೇಲಕ್ಕೇ ಕಾಣುವಂತೆ ಅಂಗಡಿಯ ಪೊಟ್ಟಣದಲ್ಲಿ ಒಂದು ಹೊಸ ಹಸಿರು ಸೀರೆ. ಅತ್ತೆ ಅಲಸಂದೆಕಾಳಿನ ಮೊರ ಬಿಟ್ಟು ಎದ್ದು ಹೋಗಿ ತಂಗಿಯ ಕೈ ಹಿಡಿದುಕೊಂಡರು, ಹಿಡಿದುಕೊಂಡೇ ಒಳಗೆ ಕರೆತಂದರು.

"ಏನಂತೆ ಆ ಮಗು?" ಎಂದರು.

"ಶುಲ್ಕ ತೆಗೀಲಾ ಅಂತ ಕೇಳ್ತಿದಾಳೆ ಅತ್ತೆ."

"ಎಲ್ಲಾದ್ರೂ ಉಂಟೇ!" ಎಂದರು ಅತ್ತೆ ಗಾಬರಿಯಿಂದ. "ಹಾಕಕ್ಕೆ ಹೇಳು!"